ಕೋವಿಯೊಳಗಿನ ಆಳು

"ಕೇಳ್ರಪ್ಪೋ ಕೇಳಿ! ಕುಮಾರ ಸೂರಪ್ಪನಾಯಕರ ಸಾವಿನ ಮೇಲೆ ದೊರೆಗಳು ಮೂರು ಒಗಟು ಹಾಕ್ಯಾರೆ. ಬಿಡಿಸಿದೋರಿಗೆ ಕೇಳಿದ್ದು ಕೊಡ್ತಾರೆ. ತಪ್ಪು ಹೇಳಿದೋರನ್ನ ಕೋಡುಗಲ್ಲಿನಿಂದ ತಳ್ಳಿಸ್ತಾರೆ. ಅಮಾಸೆ ಒಳಗೆ ಯಾರೂ ಬಿಡಿಸದಿದ್ರೆ ಆಯುಧಸಾಲೆ ಪಾಲಯ್ಯನ್ನ ತಳ್ಳಿಸ್ತಾರಪ್ಪೋ!"

ಮಸರಗಲ್ಲಿನ ಕೋಟೆಯಲ್ಲಿ ಈ ಡಂಗುರ ಕೇಳಿದಾಗ ಮಾರಕ್ಕ ಅರಮನೆಯ ಹಿತ್ತಿಲಲ್ಲಿ ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಪಾಲಯ್ಯ ಅವಳ ಅಣ್ಣ. ತಂದೆತಾಯಿಯಿಲ್ಲದ ತಂಗಿಯನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ತನ್ನ ದೇಶಕ್ಕೆ ಹಿಂತಿರುಗುತ್ತಿದ್ದ ಬಿಳಿ ಸಾಹೇಬನೊಬ್ಬನಿಂದ ದೊರೆ ಬೊಮ್ಮರಸ ನಾಯಕ ಹಳೆಯ ಕೋವಿಯೊಂದನ್ನು ಕೊಂಡಿದ್ದ. ಹಿಡಿಯ ಕೆಳಗೊಂದು ಬಳೆ. ಅದನ್ನು ಕೆಳಗೆಳೆದು ಮೇಲೆತ್ತಿದರೆ, ಕೊಳವೆಯಲ್ಲಿ ಸಾಲಾಗಿ ಮಲಗಿದ ತೋಟಾಗಳಲ್ಲೊಂದು ಪುಟ್ಟ ತಟ್ಟೆಯ ಮೇಲೆ ಕೂತು ನಳಿಗೆಯ ಬಾಯಿಗೆ ಏರುತ್ತಿತ್ತು. ಮಾಗಿಯ ಒಂದು ಮುಂಜಾನೆ ಅಪ್ಪ ಮಗ ಗುಡ್ಡಕ್ಕೆ ಕರಡಿ ಬೇಟೆಗೆ ಹೋದರು. ಆ ಕೋವಿ ಹಿಡಿದಿದ್ದ ಮಗನ ಮೊದಲ ಗುಂಡು ಕರಡಿಗೆ ಗಾಯ ಮಾಡಿ ಕೆರಳಿಸಿತು. ಎರಡನೆಯದು ಹಾರಲೇ ಇಲ್ಲ. ನಾಯಕ ಓಡಿ ಬರುವಷ್ಟರಲ್ಲಿ ಮಗನ ಮುಖ ಗುರುತು ಸಿಗದ ಹಾಗಾಗಿತ್ತು. ಅದೇ ಕೋವಿಯನ್ನು ಕೋಟೆಗೆ ತಂದು ಮಧ್ಯಾಹ್ನ ಎಳೆದು ನೋಡಿದರೆ ಖಟ್ ಖಟ್ ಎಂದು ಸಲೀಸಾಗಿ ಆಡಿತು. ಕೋವಿಯ ತಪ್ಪಿಲ್ಲ ಎಂದಮೇಲೆ ಅದನ್ನು ಕಾಯುವವನದೇ ತಪ್ಪು ಎಂದು ಪಾಲಯ್ಯನಿಗೆ ಬೇಡಿ ಹಾಕಿದರು. ದೊಡ್ಡವರ ಮನೆಯ ನ್ಯಾಯವೇ ಹಾಗೆ, ಕೈಗೆಟುಕುವ ಕುತ್ತಿಗೆಯನ್ನು ಹುಡುಕುತ್ತದೆ.

ಓಲಗದಲ್ಲಿ ನಾಯಕ ಕೋವಿಯನ್ನು ಮುಂದಿಟ್ಟುಕೊಂಡು ಕೂತ. ಮಾರಕ್ಕ ದೀಪಗಳ ಮೂಲೆಯಲ್ಲಿ ನಿಂತು ನೋಡಿದಳು.

"ಹೊಟ್ಟೆ ತುಂಬ ಅನ್ನ ಇದ್ದೂ ಹಸಿದು ಸತ್ತಿದ್ದು ಯಾವುದು? ಅದರ ಮನೇಲೊಬ್ಬ ಆಳು. ಹಗಲು ಕರೆದಾಗೆಲ್ಲ ಏಳೋನು, ಅವತ್ತು ಮುಂಜಾನೆ ಕರೆದ್ರೆ ಏಳಲಿಲ್ಲ. ಯಾಕೆ? ನನ್ನ ಮಗನ್ನ ಕೊಂದೋರು ಯಾರು?"

ಆಯುಧಶಾಲೆಯ ಯಜಮಾನಿಕೆಯ ಆಸೆಗೆ ಗುರಿಕಾರ ಬರಮಣ್ಣ ಮೊದಲು ಎದ್ದ. "ಹಸಿದು ಸತ್ತಿದ್ದು ಈ ಕೋವಿ, ಬುದ್ದಿ. ಆಳಿಗೆ ವಯಸ್ಸಾಗೈತೆ, ಒಳಗಿನ ಸ್ಪ್ರಿಂಗು ಸತ್ತೈತೆ. ಕೊಂದೋನು ಹಳೇ ಮಾಲು ಮಾರಿದ ಸಾಹೇಬ."

"ತಪ್ಪು," ಎಂದ ನಾಯಕ. ಬರಮಣ್ಣನನ್ನು ಎಳೆದೊಯ್ದರು. ಅವನ ಕೂಗು ಕೋಡುಗಲ್ಲಿನ ತುದಿಯವರೆಗೂ ಕೇಳಿಸಿ ಆಮೇಲೆ ನಿಂತಿತು.

ಮರುದಿನ ಮದ್ದಿನ ವ್ಯಾಪಾರಿ ಕೊಟ್ರಪ್ಪ ಬಂದ. ತೋಟಾಗಳ ಅಳತೆ ತಪ್ಪಿದೆ, ತುಂಬಿದವನು ಪಾಲಯ್ಯ, ಆದ್ದರಿಂದ ಕೊಂದವನೂ ಅವನೇ ಎಂದ. ಈ ಮಾತಿಗೆ ನಾಯಕ ತಲೆದೂಗಿದ್ದರೆ ಅಣ್ಣನ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಯಕ ಕೋವಿಯನ್ನು ಮುಟ್ಟಲೂ ಇಲ್ಲ, ತೋಟಾ ತೆಗೆದು ನೋಡಲೂ ಇಲ್ಲ. "ತಪ್ಪು," ಎಂದ. ಕೊಟ್ರಪ್ಪನೂ ಹೋದ.

ಆಮೇಲೆ ಯಾರೂ ಏಳಲಿಲ್ಲ. ಅಮಾವಾಸ್ಯೆಯ ಹಗಲು ಮಾರಕ್ಕ ಹುಣಸೆ ಕೈಯಲ್ಲೇ ಬಂದು ಅಡ್ಡಬಿದ್ದಳು.

"ಬುದ್ದಿ, ಕೋವೀನ ಒಂದು ಸಲ ನನ್ನ ಕೈಗೆ ಕೊಡಿಸ್ರಿ."

ತೋಟಾಗಳನ್ನೆಲ್ಲ ತೆಗೆಸಿದಳು. ಖಾಲಿ ಕೊಳವೆಯ ಸ್ಪ್ರಿಂಗನ್ನು ಕಡ್ಡಿಯಿಂದ ಒತ್ತಿದಳು. ಕಡ್ಡಿ ಹಿಂದಕ್ಕೆ ಚಿಮ್ಮಿತು. ಬಳೆ ಎಳೆದಳು, ತಟ್ಟೆ ಸಲೀಸಾಗಿ ಮೇಲೆದ್ದಿತು. ಸಭೆಯಲ್ಲಿ ಯಾರೋ ನಕ್ಕರು. ಮಾರಕ್ಕ ಕೋವಿಯನ್ನು ಬಂಡೆಯೊಳಗಿನ ದೊಣೆಯ ನೀರಿನ ಪಕ್ಕ ಇಡಿಸಿದಳು. ಬೇಸಿಗೆಯಲ್ಲೂ ಕೈ ಮರಗಟ್ಟುವ ಜಾಗ ಅದು. ಊಟದ ಹೊತ್ತು ಕಳೆದ ಮೇಲೆ ತರಿಸಿ ಮತ್ತೆ ಎಳೆದಳು. ಬಳೆ ಇಳಿಯಿತು. ತಟ್ಟೆ ಏಳಲಿಲ್ಲ.

ನಗು ನಿಂತಿತು. ಮಾರಕ್ಕ ದೀಪ ಕೆರೆಯುವ ಕಡ್ಡಿಯನ್ನು ಕೋವಿಯ ತಟ್ಟೆಯೇಳುವ ಬಾಯೊಳಗೆ ಹಾಕಿ ಗೀರಿದಳು. ಕೆಂಪಗಿನ ಗಟ್ಟಿ ಜಿಡ್ಡು ಹೆಕ್ಕಳೆ ಹೆಕ್ಕಳೆಯಾಗಿ ಅಂಗೈಗೆ ಬಿತ್ತು.

"ತುಪ್ಪ, ಕುಂಕುಮ," ಎಂದಳು. "ಬಿಸಿಲಿಗೆ ಕರಗಿ ದಾರಿ ಬಿಡ್ತೈತೆ, ಚಳಿಗೆ ಕಲ್ಲಾಗ್ತೈತೆ. ಮಾಗಿ ಮುಂಜಾನೆ ನಂದಾದೀಪ ಉಜ್ಜೋಳಿಗೆ ಇದು ದಿನದ ಗೋಳು, ಬುದ್ದಿ. ಮೊದಲ ತೋಟಾ ಹಿಂದಿನ ಹಗಲೇ ನಳಿಗೆ ಸೇರಿತ್ತು, ಹಾರಿತು. ಉಳಿದವು ಹೊಟ್ಟೇಲೇ ಇದ್ದವು. ಈ ತಟ್ಟೇನೇ ಆಳು, ಅವನು ಏಳದೆ ಕೋವಿ ಹಸಿದು ಸತ್ತಿತು."

"ಮೂರನೇದು?" ನಾಯಕನ ದನಿ ಇಳಿದಿತ್ತು.

ಅವಳಿಗೆ ಹೆದರಿಕೆಯಾಯಿತು. ಆ ಕೋಟೆಯಲ್ಲಿ ಆಯುಧಪೂಜೆಗೆ ದೊರೆಯೇ ಪ್ರತಿ ಆಯುಧದ ಬಾಯಿಗೆ ತುಪ್ಪ ಬಿಟ್ಟು ಕುಂಕುಮ ಉಣಿಸಬೇಕು. ಉಣಿಸಿದ್ದನ್ನು ಯಾರೂ ಒರೆಸಕೂಡದು, ಒರೆಸಿದರೆ ಮಹಾಪಾಪ. ಖಡ್ಗಕ್ಕೆ ಇದರಿಂದ ಏನೂ ಆಗುತ್ತಿರಲಿಲ್ಲ, ಖಡ್ಗಕ್ಕೆ ಗಂಟಲಿಲ್ಲ.

"ಸಾಹೇಬ ಅಂದ್ರೆ ತಪ್ಪು ಅಂದ್ರಿ, ನಮ್ಮಣ್ಣ ಅಂದ್ರೂ ತಪ್ಪು ಅಂದ್ರಿ. ಕೋವಿ ನೋಡದೇನೇ ಅಂದ್ರಿ. ಉತ್ತರ ಗೊತ್ತಿಲ್ಲದೋರಿಗೆ ತಪ್ಪು ಅಂತ ಹೆಂಗೆ ಗೊತ್ತಾಗ್ತೈತೆ, ಬುದ್ದಿ? ಅವತ್ತು ಗುಡ್ಡದ ಮೇಲೆ, ಕುಮಾರರ ಕೈಯಿಂದ ಕೋವಿ ಬಿಡಿಸ್ಕೊಂಡಾಗಲೇ ಇದರ ಬಾಯಲ್ಲಿ ಕೆಂಪು ಕಂಡಿದ್ರಿ. ಕುಮಾರರನ್ನ ಕೊಂದಿದ್ದು ನಿಮ್ಮ ಕೈ."

ಭಟರು ಈಟಿ ಎತ್ತಿದರು. ನಾಯಕ ಬೇಡವೆಂದು ಸನ್ನೆ ಮಾಡಿದ. ತನ್ನ ಬಲಗೈಯನ್ನು ಬಹಳ ಹೊತ್ತು ನೋಡಿದ.

"ಬೇರೆ ಯಾರಾದ್ರೂ ಹೇಳ್ಲಿ ಅಂತ ಕಾದೆ," ಎಂದ. "ನನ್ನ ಬಾಯಿಂದ ಹೊರಡಲಿಲ್ಲ. ಬೇರೆಯೋರ ಹೆಸರು ಕೇಳಿದ್ರೆ ಮೈ ಉರೀತಿತ್ತು. ಏನು ಬೇಕು, ಕೇಳು."

"ನಮ್ಮಣ್ಣ."

ಅಲ್ಲೇ ಬೇಡಿ ಕಳಚಿದರು. ಮೇಲೊಂದು ಹಳ್ಳಿಯನ್ನು ಉಂಬಳಿ ಬರೆಸಿಕೊಟ್ಟರು. ಬೇಡ ಎನ್ನುವಷ್ಟು ಸಿರಿ ಅವಳ ಮನೆಯಲ್ಲಿರಲಿಲ್ಲ, ತೆಗೆದುಕೊಂಡಳು.

"ಕೊಂದೋನಿಗೆ ಏನು ಮಾಡ್ಲಿ?" ನಾಯಕ ಕೇಳಿದ.

"ಅದನ್ನ ನನ್ನ ಕೇಳಬೇಡ್ರಿ ಬುದ್ದಿ," ಎಂದಳು ಮಾರಕ್ಕ. "ಇಬ್ಬರ ಹೆಣ ಬಂಡೆ ಕೆಳಗೆ ಹಂಗೇ ಬಿದ್ದಾವೆ."

ಅಣ್ಣ ತಂಗಿ ಸೀದಾ ಊರ ಕಡೆ ಹೋಗಲಿಲ್ಲ. ಕೋಡುಗಲ್ಲಿನ ಬುಡಕ್ಕೆ ಹೋಗಿ ಹದ್ದುಗಳನ್ನು ಓಡಿಸಿ ಗುಣಿ ತೋಡತೊಡಗಿದರು. ತನ್ನ ಮೇಲೆ ತಪ್ಪು ಹೊರಿಸಿದ ಕೊಟ್ರಪ್ಪನ ಮುಖಕ್ಕೆ ಪಾಲಯ್ಯ ತನ್ನ ವಲ್ಲಿ ಹೊದಿಸಿದ. ಸ್ವಲ್ಪ ಹೊತ್ತಿಗೆ ಬೊಮ್ಮರಸ ನಾಯಕ ಬರಿತಲೆಯಲ್ಲಿ, ಹೆಗಲ ಮೇಲೆ ಹಾರೆ ಹೊತ್ತು, ಒಬ್ಬನೇ ಇಳಿದು ಬಂದ. ಯಾರೂ ಅವನಿಗೆ ಕೈಮುಗಿಯಲಿಲ್ಲ. ಪಾಲಯ್ಯ ಒಂದಿಷ್ಟು ಸರಿದು ಜಾಗ ಬಿಟ್ಟ, ನಾಯಕ ಗುಣಿಗಿಳಿದು ಅಗೆಯತೊಡಗಿದ.