ಸೋಪಿನ ನೊರೆಯೂ ಬಾಗಿಲಿನ ರಬ್ಬರೂ

ಸಿದ್ಧರಾಮಪ್ಪನವರು ಕೈಯಾರೆ ಕಟ್ಟಿದ ಪುಟ್ಟ ವಿಮಾನದ ಬಾಗಿಲಂಚಿಗೆ ರಬ್ಬರ್ ಪಟ್ಟಿಯೊಂದಿತ್ತು. ಆಕಾಶದಲ್ಲಿ ಒಳಗಿನ ಗಾಳಿ ಸೋರದಂತೆ ಕಾಯುವುದು ಅದರ ಕೆಲಸ. ಈಚೆಗೆ ಎಲ್ಲೋ ಸೋರತೊಡಗಿತ್ತು. ಸಿದ್ಧರಾಮಪ್ಪನವರು ಬಾಗಿಲು ಮುಚ್ಚಿ, ಒಳಗೆ ಗಾಳಿ ತುಂಬಿಸಿ, ಹೊರಗಿನಿಂದ ಅಂಚಿಗೆಲ್ಲ ಸೋಪಿನ ನೊರೆ ಬಳಿದರು; ಗಾಳಿ ಸೋರುವಲ್ಲಿ ಗುಳ್ಳೆ ಏಳುತ್ತದೆ.

ರಬ್ಬರು ಮೆಲ್ಲಗೆ ಗೋಗರೆಯಿತು. "ನೊರೆಯಕ್ಕಾ, ಕೆಳಮೂಲೆಯಲ್ಲಿ ಬಿರುಕು ಬಿಟ್ಟಿದ್ದೇನೆ. ಅಲ್ಲಿ ಗುಳ್ಳೆ ಏಳಿಸಬೇಡ. ಗೊತ್ತಾದರೆ ಯಜಮಾನರು ಕಿತ್ತೆಸೆಯುತ್ತಾರೆ."

"ಮೇಲೆ ಹೋದಾಗ ಅವರು ಉಸಿರಾಡುವುದು ನೀನು ಹಿಡಿದಿಟ್ಟ ಗಾಳಿಯನ್ನೇ ಅಲ್ಲವೇನೇ, ತಂಗಿ?" ಎಂದಿತು ನೊರೆ.

ರಬ್ಬರು ಬಿಗಿಹಿಡಿದಿದ್ದ ಮೂಲೆಯನ್ನು ಸಡಿಲಬಿಟ್ಟಿತು. ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತು.

"ಇಲ್ಲೇನಮ್ಮಾ ನೋವು?" ಎನ್ನುತ್ತ ಸಿದ್ಧರಾಮಪ್ಪನವರು ನೊರೆ ಒರೆಸಿ, ಬೆರಳಗಲದ ತೇಪೆ ಹಾಕಿದರು. ಇಷ್ಟಕ್ಕೇ ಹೆದರಿದ್ದೆನೇ ಎಂದು ರಬ್ಬರಿಗೆ ನಾಚಿಕೆಯಾಯಿತು. ಅಕ್ಕನಿಗೆ ಹೇಳೋಣವೆಂದು ನೋಡಿದರೆ, ನೊರೆ ಆಗಲೇ ಒರೆಸುವ ಬಟ್ಟೆಯಲ್ಲಿ ಆರಿಹೋಗಿತ್ತು.