ಕರೆಯದೆ ಬರುವವರು

“ನನ್ನ ಜಾಗದಲ್ಲಿ ನಾನು ಗೋಡೆ ಎಬ್ಬಿಸಿದರೆ ಬೀದಿಯವರ ಗಂಟೇನು ಹೋಗುತ್ತದೆ, ಗುರುಗಳೇ?”

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಬೆಟ್ಟದ ಮಠದ ಗುರುಗಳ ಮುಂದೆ ಹೀಗೆ ಎದೆ ಸೆಟೆಸಿ ಕೇಳಿದವನು ನಾನೊಬ್ಬನೇ. ಉಳಿದವರು ಅಲ್ಲಿಗೆ ಹೋದರೆ ಕಾಲಿಗೆ ಬಿದ್ದು, ವಿಭೂತಿ ಇಸಿದುಕೊಂಡು, ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೊರಗೆ ಬರುತ್ತಾರೆ. ನಾನು ಚೆಲುವರಾಜ. ಒಂದೇ ಉಸಿರಿಗೆ ಈಜಿ ನಾಲೆಯ ಆಚೆ ದಡ ಮುಟ್ಟಿದವನು. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಬಾಡೂಟವಾದರೂ ಕೋಳಿ ನನ್ನ ಫಾರಂನದೇ. ಸುಳ್ಳು ಅನ್ನುವವರು ಬಂದು ವಿಚಾರಿಸಲಿ.

ನಾನು ಹೊಸ ಮನೆ ಕಟ್ಟಿಸಲು ಹೊರಟಿದ್ದೆ. ಮುಂದೆ ಆಳೆತ್ತರ ಮೀರಿದ ಕಾಂಪೌಂಡು, ಒಳಗೆ ನೀಲಿ ಟೈಲ್ಸಿನ ಈಜುಕೊಳ. ನಕ್ಷೆ ಊರಿಗೆ ಬಂದ ದಿನದಿಂದ ಬೀದಿಗೆ ನಿದ್ದೆ ಇಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ನಿಂತವರ ಬಾಯಲ್ಲೂ ಅದೇ ಮಾತು. ಗೋಡೆ ಬಂದರೆ ಪಕ್ಕದ ಮನೆಗೆ ಗಾಳಿ ಇರುವುದಿಲ್ಲ ಎಂದು ಒಬ್ಬ. ನಲ್ಲಿಯಲ್ಲಿ ಕುಡಿಯುವ ನೀರಿಗೇ ಗತಿಯಿಲ್ಲ, ಇವನಿಗೆ ಈಜಾಡಲು ನೀರು ಬೇಕಂತೆ ಎಂದು ಇನ್ನೊಬ್ಬ. ಪಕ್ಕದ ಮನೆಯ ಚಿಕ್ಕತಾಯವ್ವನಂತೂ ಹಾಲಿನ ಕ್ಯಾನು ಕೆಳಗಿಡದೆಯೇ, ಎಲ್ಲರ ಎದುರಿಗೆ ಕೇಳಿದಳು.

“ಏನ್ಲಾ ಚೆಲ್ವ, ಕೋಳಿಗಳ್ಗೆ ಜಾಲರಿ ಹೊಡ್ಸಿದ್ದು ಸಾಲ್ದು ಅಂತ ಈಗ ನಿನ್ಗೂ ಹೊಡ್ಸ್ಕತಿದ್ದೀಯಾ?”

ಜನ ನಕ್ಕರು. ನಾನೇನು ಸುಮ್ಮನಿರುವವನೇ? “ಹೂಂ ಕಣವ್ವ, ಈ ಬೀದೀಲಿ ನರಿ ಕಾಟ ಜಾಸ್ತಿ ಆಗ್ಯದೆ” ಎಂದೆ. ಅದಕ್ಕೂ ಜನ ನಕ್ಕರು. ಆದರೆ ಸ್ವಲ್ಪ ಕಡಿಮೆ.

ಗುರುಗಳ ಕೈಯಿಂದ ಗುದ್ದಲಿ ಪೂಜೆ ಮಾಡಿಸಿದರೆ ಎಲ್ಲರ ಬಾಯಿಗೂ ಬೀಗ ಬೀಳುತ್ತದೆ ಎಂದುಕೊಂಡು ಬೆಟ್ಟ ಹತ್ತಿದ್ದೆ. ನಕ್ಷೆಯನ್ನು ಅವರ ಮುಂದೆ ಹರಡಿದೆ. ಅವರು ಕೊಳದ ಮೇಲೆ ಬೆರಳಿಟ್ಟು “ಇದೇನು?” ಎಂದರು. ಹೇಳಿದೆ. “ಚೆನ್ನಾಗಿದೆ” ಎಂದರು. ಬೀದಿಯವರ ತಕರಾರನ್ನೂ ಹೇಳಿ, ಮೇಲಿನ ಪ್ರಶ್ನೆ ಕೇಳಿದೆ. ಅವರು ನಕ್ಷೆಯನ್ನು ಸುರುಳಿ ಸುತ್ತಿ ನನ್ನ ಕೈಗೇ ಕೊಟ್ಟು ಒಂದು ಕತೆ ಹೇಳಿದರು. ಅವರು ಹೇಳಿದ ಹಾಗೆಯೇ ಬರೆಯುತ್ತೇನೆ. ಒಮ್ಮೆ ಕೇಳಿದ್ದನ್ನು ನಾನು ಮರೆಯುವವನಲ್ಲ.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ಪಕ್ಕದ ಮನೆಯಲ್ಲಿ ಒಬ್ಬ ರೈತ. ಆ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು, ಜಗುಲಿಗೆ ಜಗುಲಿ ಕೂಡಿಕೊಂಡಿತ್ತು. ಸಂಜೆ ವ್ಯಾಪಾರಿಯ ಹೆಂಡತಿ ಮೊರ ಹಿಡಿದು ಹೊರಗೆ ಬಂದರೆ ರೈತನ ಹೆಂಡತಿಯೂ ಬರುತ್ತಿದ್ದಳು. ಇಬ್ಬರೂ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕಲ್ಲು ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ವ್ಯಾಪಾರಿಯ ಹೆಂಡತಿಗೆ ಮಕ್ಕಳಿರಲಿಲ್ಲ. ತವರು ದೂರ. ಅವಳಿಗೆ ಇದ್ದದ್ದು ಆ ಜಗುಲಿ.

ಆ ಬೀದಿಗೆ ಒಂದು ಕಟ್ಟಳೆ ಇತ್ತು. ಮದುವೆಗೆ ಕರೆದ ಮೇಲೆ ಹೋಗಬೇಕು, ಸಾವಿಗೆ ಕರೆಯುವ ಮೊದಲೇ ಹೋಗಬೇಕು. ಸತ್ತವರ ಮನೆಯವರು ಹೊಸಿಲು ದಾಟಿ ಯಾರನ್ನೂ ಕರೆಯುವಂತಿಲ್ಲ. ಅಳು ಕೇಳಿದವರು ತಾವಾಗಿ ಬರುತ್ತಾರೆ. ಹೆಣ ಏಳುವವರೆಗೆ ಬೀದಿಯಲ್ಲಿ ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ.

ವ್ಯಾಪಾರಿಗೆ ವ್ಯಾಪಾರ ಕೂಡಿ ಬಂತು. ಹಳೆಯ ಮನೆ ಕೆಡವಿ ಹೊಸದು ಕಟ್ಟಲು ಹೊರಟ. ಪಟ್ಟಣದಿಂದ ಹೊಸ ಬಗೆಯ ನಕ್ಷೆ ತಂದ. ಅದರಲ್ಲಿ ಜಗುಲಿ ಇರಲಿಲ್ಲ. ಅದರ ಜಾಗದಲ್ಲಿ ಎತ್ತರದ ಕಲ್ಲುಗೋಡೆ. ಗೋಡೆಯಲ್ಲಿ ಒಂದು ಬಾಗಿಲು. ಹೊರಗೆ ನಿಂತವರ ಕಣ್ಣು ಒಳಗೆ ಬೀಳಬಾರದೆಂದು ಬಾಗಿಲಿನ ಹಿಂದೆಯೇ ದಾರಿ ಮೊಣಕೈಯಂತೆ ತಿರುಗುತ್ತಿತ್ತು. ಒಳಗೆ ಕಲ್ಲು ಹಾಸಿದ ಕೊಳ.

ಜಗುಲಿಯ ಚಪ್ಪಡಿ ಕಿತ್ತ ದಿನ ಬೀದಿಯವರು ಬಂದು ಸೇರಿದರು. ಒಬ್ಬ ಬೆಳಕಿನ ಮಾತೆತ್ತಿದ. ಒಬ್ಬ ಸೊಳ್ಳೆಯ ಮಾತೆತ್ತಿದ. ‘ಊರಿಗೊಂದು ಕೆರೆ ಇದೆಯಲ್ಲ, ಅದರಲ್ಲಿ ಮುಳುಗಿದರೆ ಸಾಹುಕಾರರ ಬಣ್ಣ ಬಿಡುತ್ತದೆಯೋ?’ ಎಂದು ಒಬ್ಬ ಹಿಂದಿನಿಂದ ಕೂಗಿದ. ಕೊನೆಗೆ ರೈತ ಮುಂದೆ ಬಂದ.

‘ಸಾಹುಕಾರರೇ, ಅವೆಲ್ಲ ಬಿಡಿ. ಮೊದಲಿನ ಹಾಗೆ ನಾವು ಬಂದು ಹೋಗುವುದು ಹೇಗೆ?’

‘ಬರಬೇಕಾದವರನ್ನು ನಾನೇ ಕರೆಯುತ್ತೇನೆ.’

‘ಕರೆಯದಿದ್ದರೆ?’

‘ಕರೆಯದಿದ್ದರೆ ಬರಬೇಡಿ.’

ರೈತ ಹೆಗಲ ಮೇಲಿನ ವಸ್ತ್ರ ತೆಗೆದು ಕೊಡವಿದ. ‘ಆಗಲಿ. ಕರೆದ ದಿನ ಬರುತ್ತೇವೆ’ ಎಂದ. ಎಲ್ಲರೂ ಹೋದರು.

ಗೃಹಪ್ರವೇಶಕ್ಕೆ ವ್ಯಾಪಾರಿ ಕರೆದ. ಬೀದಿಯವರು ಬಂದರು, ಉಂಡರು, ಕೊಳದ ಸುತ್ತ ನಿಂತು ನೋಡಿದರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಬಾಗಿಲು ಮುಚ್ಚಿತು. ಆಮೇಲೆ ಕರೆಯುವ ಕಾರಣ ಬರಲಿಲ್ಲ.

‘ಸಂಜೆ ಒಂದಿಷ್ಟು ಹೊತ್ತು ಬಾಗಿಲು ತೆಗೆದಿಡೋಣ, ರೀ’ ಎಂದಳು ಹೆಂಡತಿ.

‘ಆ ದೂಳಿನ ಜಗುಲಿಗಿಂತ ಈ ಕೊಳದ ಕಟ್ಟೆ ಚೆನ್ನಾಗಿಲ್ಲವೇ? ಇಲ್ಲಿಯೇ ಕುಳಿತುಕೋ’ ಎಂದ ಗಂಡ.

ಅವಳು ಅಲ್ಲಿಯೇ ಕುಳಿತಳು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಿದಳು. ಕೆಲಸ ಬೇಗ ಮುಗಿಯುತ್ತಿತ್ತು. ಮಾಡಿ ಮುಗಿಸಿದ್ದನ್ನೇ ಅವಳು ಮತ್ತೆ ಮಾಡುತ್ತಿದ್ದಳು.

‘ಕೊಳದ ಮನೆಯವಳಿಗೆ ಈಗ ನಮ್ಮ ನೆನಪೆಲ್ಲಿ?’ ಎಂದುಕೊಂಡರು ಬೀದಿಯ ಹೆಂಗಸರು. ‘ಇಷ್ಟು ದಿನವಾದರೂ ಒಬ್ಬರೂ ಬರಲಿಲ್ಲ’ ಎಂದುಕೊಂಡಳು ಅವಳು. ಗೋಡೆಯ ಈಚೆಯ ಮಾತು ಆಚೆಗೆ ಗೊತ್ತಾಗಲಿಲ್ಲ, ಆಚೆಯದು ಈಚೆಗೆ ಗೊತ್ತಾಗಲಿಲ್ಲ.

ಅವಳಿಗೆ ಜ್ವರ ಬಂತು. ಪಂಡಿತ ಬಂದು ಔಷಧಿ ಕೊಟ್ಟ. ಜ್ವರ ಇಳಿಯಲಿಲ್ಲ. ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ಬಾಗಿಲು ಅಲ್ಲಿಂದ ಕಾಣುತ್ತಿರಲಿಲ್ಲ, ದಾರಿಯ ತಿರುವು ಮಾತ್ರ ಕಾಣುತ್ತಿತ್ತು.

‘ಪಕ್ಕದ ಮನೆಯವಳನ್ನು ಕರೆಯಲೇ?’ ಎಂದು ವ್ಯಾಪಾರಿ ಕೇಳಿದ.

‘ಕರೆದರೆ ಬರುವವರು ನೆಂಟರು. ಅವಳು ನನಗೆ ನೆಂಟಳಲ್ಲ’ ಎಂದಳು ಅವಳು.

ವ್ಯಾಪಾರಿಗೆ ಆ ಮಾತು ಅರ್ಥವಾಗಲಿಲ್ಲ. ಬೇಡವೆನ್ನುತ್ತಾಳೆ ಎಂದುಕೊಂಡ, ಕರೆಯಲಿಲ್ಲ. ಮಾರನೆಯ ದಿನ ಹೊತ್ತು ಏರುತ್ತಿದ್ದಾಗ ಅವಳು ಸತ್ತಳು.

ವ್ಯಾಪಾರಿ ಅತ್ತ. ಗಟ್ಟಿಯಾಗಿ ಅತ್ತ. ದಪ್ಪ ಗೋಡೆ. ಅಳು ಕೊಳದ ಮೇಲೆ ಹೋಗಿ ಕೊಳದ ಮೇಲೆಯೇ ತಿರುಗಿ ಬಂತು. ಯಾರೂ ಬರಲಿಲ್ಲ. ಅವನು ಎದ್ದು ಹೋಗಿ ಬಾಗಿಲಿನ ಅಗುಳಿ ತೆಗೆದು, ಎರಡು ಕದವನ್ನೂ ತೆರೆದಿಟ್ಟು, ಬಂದು ಹೆಣದ ಪಕ್ಕದಲ್ಲಿ ಕುಳಿತ. ಕಟ್ಟಳೆ ಗೊತ್ತಿದ್ದವನು. ಬರುತ್ತಾರೆ ಎಂದು ಕಾದ.

ಬೀದಿಯಲ್ಲಿ ಇಬ್ಬರು ನಡೆದು ಹೋಗುತ್ತಿದ್ದರು. ತೆರೆದ ಬಾಗಿಲಲ್ಲಿ ಅವರ ಮಾತು ಒಳಗೆ ಕೇಳಿಸಿತು.

‘ಏನಪ್ಪ ಇವತ್ತು, ಕೋಟೆ ಬಾಗಿಲು ತೆರೆದಿದೆ!’

‘ಯಾರೋ ದೊಡ್ಡ ನೆಂಟರು ಬರುವವರಿರಬೇಕು. ನಡಿ ನಡಿ, ನಮ್ಮನ್ನೇನೂ ಕರೆದಿಲ್ಲ.’

ಇಬ್ಬರೂ ನಕ್ಕುಕೊಂಡು ಹೋದರು. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಆಚೆಯಿಂದ ಒಗ್ಗರಣೆಯ ವಾಸನೆ ಬಂತು. ಸಾಸಿವೆ, ಬೆಳ್ಳುಳ್ಳಿ. ಮೊದಲು ಒಂದು ಮನೆಯಿಂದ, ಆಮೇಲೆ ಇನ್ನೊಂದು ಮನೆಯಿಂದ. ಬೀದಿಯಲ್ಲಿ ಒಲೆ ಉರಿಯುತ್ತಿತ್ತು. ತನ್ನ ಮನೆಯಲ್ಲಿ ಸಾವಾಗಿದೆಯೆಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ ಎಂಬುದು ವ್ಯಾಪಾರಿಗೆ ಆಗ ತಿಳಿಯಿತು.

ಅವನು ಎದ್ದ. ಹೊಸಿಲು ದಾಟಿದ. ಆ ಬೀದಿಯಲ್ಲಿ ಹಾಗೆ ಮಾಡಿದವರು ಯಾರೂ ಇರಲಿಲ್ಲ.

ರೈತ ಊಟಕ್ಕೆ ಕುಳಿತಿದ್ದ. ವ್ಯಾಪಾರಿ ಅವನ ಜಗುಲಿಯ ಕೆಳಗೆ ನಿಂತು ‘ಬನ್ನಿ’ ಎಂದ.

‘ಓಹೋ, ಸಾಹುಕಾರರು ತಾವೇ ಕರೆಯಲು ಬಂದಿದ್ದಾರೆ! ಏನು ವಿಶೇಷ?’ ಎಂದು ನಗುತ್ತ ರೈತ ತಲೆ ಎತ್ತಿದ. ಅವನ ಮುಖ ನೋಡಿದ. ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. ಒಳಗೆ ಅವನ ಹೆಂಡತಿ ಏನೂ ಕೇಳದೆ ಒಲೆಗೆ ನೀರು ಸುರಿದಳು. ಅವಳ ಒಲೆಯ ಹೊಗೆ ಕಂಡು ಪಕ್ಕದವಳು ಸುರಿದಳು. ಅದನ್ನು ಕಂಡು ಅದರ ಪಕ್ಕದವಳು. ಬೀದಿಯ ತುಂಬ ಹೊಗೆಯಾಯಿತು.

ಎಲ್ಲರೂ ಬಂದರು. ಹೆಂಗಸರು ಅವಳಿಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಹೂ ಮುಡಿಸಿದರು. ಗಂಡಸರು ಚಟ್ಟ ಕಟ್ಟಿದರು. ಹೊತ್ತು ಬಾಗಿಲಿಗೆ ತಂದರೆ, ದಾರಿಯ ತಿರುವಿನಲ್ಲಿ ಚಟ್ಟ ತಿರುಗಲಿಲ್ಲ. ಮುಂದಕ್ಕೆ ತಳ್ಳಿದರು, ಹಿಂದಕ್ಕೆ ಎಳೆದರು. ಓರೆ ಮಾಡಿದರೆ ಹೆಣ ಜಾರುತ್ತಿತ್ತು.

ರೈತ ವ್ಯಾಪಾರಿಯ ಕಡೆ ನೋಡಿದ. ವ್ಯಾಪಾರಿ ತಲೆ ಆಡಿಸಿದ. ಹಾರೆ ತಂದು ಗೋಡೆ ಒಡೆದರು. ಅಂದು ತಕರಾರು ಮಾಡಿದವರೆಲ್ಲ ಅಲ್ಲಿದ್ದರು. ‘ನಾವು ಹೇಳಿರಲಿಲ್ಲವೇ’ ಎಂದು ಒಬ್ಬನೂ ಅನ್ನಲಿಲ್ಲ. ಅಂದಿದ್ದರೆ ವ್ಯಾಪಾರಿಗೆ ಹಗುರವಾಗುತ್ತಿತ್ತು.

ಸುಟ್ಟು ಬರುವಾಗ ಹೊತ್ತು ಇಳಿದಿತ್ತು. ಮೀಯದೆ ಯಾರೂ ಮನೆಗೆ ಹೋಗುವಂತಿಲ್ಲ, ಕೆರೆ ದೂರ. ವ್ಯಾಪಾರಿ ಕೊಳವನ್ನು ತೋರಿಸಿದ. ಬೀದಿಯವರು ಆ ಕೊಳಕ್ಕೆ ಇಳಿದದ್ದು ಅದೇ ಮೊದಲು.

ಇಷ್ಟು ಹೇಳಿ ಗುರುಗಳು ನನ್ನ ಕಡೆ ನೋಡಿದರು. ನಾನು ಕೈಯಲ್ಲಿದ್ದ ನಕ್ಷೆಯ ಸುರುಳಿ ಬಿಚ್ಚಿದೆ. ಚೆಲುವರಾಜ ಸೋಲುವವನೇ?

“ಗುರುಗಳೇ, ತಪ್ಪು ಗೋಡೆಯದಲ್ಲ, ಬಾಗಿಲಿನದು. ನನ್ನ ನಕ್ಷೆ ನೋಡಿದಿರಲ್ಲ, ಗೇಟು ನೇರವಾಗಿದೆ, ಲಾರಿಯೇ ಒಳಗೆ ಬರುತ್ತದೆ” ಎಂದೆ.

ಗುರುಗಳು ನಗಲೂ ಇಲ್ಲ, ಗದರಲೂ ಇಲ್ಲ.

“ಕತೆ ಇನ್ನೂ ಸ್ವಲ್ಪ ಇದೆ” ಎಂದರು. “ಎಲ್ಲರೂ ಹೋದ ಮೇಲೆ ರೈತನ ಹೆಂಡತಿ ಒಡೆದ ಗೋಡೆಯ ಸಂದಿಯಿಂದ ಬಂದಳು. ಒಂದು ಕಂಚಿನ ಬಟ್ಟಲಲ್ಲಿ ಗಂಜಿ ತಂದು ವ್ಯಾಪಾರಿಯ ಮುಂದಿಟ್ಟಳು. ಅವನು ಕುಡಿದ. ಬಟ್ಟಲನ್ನು ಹಿಂದಕ್ಕೆ ನೀಡಿದ. ಅವಳು ಕೈ ಚಾಚಲಿಲ್ಲ. ‘ಅದು ನಿಮ್ಮ ಮನೆಯದೇ. ಜಗುಲಿ ಕೀಳುವ ಹಿಂದಿನ ದಿನ ಅಕ್ಕ ಅದರಲ್ಲಿ ಪಾಯಸ ಕಳಿಸಿದ್ದಳು. ಬರಿದು ಬಟ್ಟಲು ಹಿಂದಿರುಗಿಸಬಾರದು ಅಂತ ಏನಾದರೂ ಹಾಕಿಕೊಂಡು ಬರುತ್ತಿದ್ದೆ. ಬಂದಾಗಲೆಲ್ಲ ಬಾಗಿಲು ಹಾಕಿತ್ತು’ ಎಂದಳು.”

“ಆಮೇಲೆ?” ಎಂದೆ ನಾನು.

“ಆಮೇಲೇನಿಲ್ಲ ಚೆಲುವರಾಜ, ಬಾಗಿಲು ಹಾಕಿಕೊಂಡವನಿಗೆ ಕೊನೆಗೆ ಸಿಕ್ಕಿದ್ದು ಹೆಂಡತಿಯ ಬಟ್ಟಲೊಂದೇ.”