ಕುಂಬಾರನ ಕತ್ತೆಗೆ ಹಾಕಿದ ಕಟ್ಟು

"ಗುರುಗಳೇ, ರಕ್ತ ಹರಿಯುವ ಬಗೆ ಮಿಡತೆಯಲ್ಲಿ ಬೇರೆ, ಮೀನಿನಲ್ಲಿ ಬೇರೆ, ಹಸುವಿನಲ್ಲಿ ಬೇರೆ. ಇವೆಲ್ಲವನ್ನೂ ಕಲಿತರೆ ನಾನು ಪೂರ್ಣ ವೈದ್ಯನಾಗುತ್ತೇನೆಯೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದೂರಿನಲ್ಲಿ ಒಬ್ಬ ಪಶುವೈದ್ಯನಿದ್ದ. ನೀನು ಹೇಳಿದ್ದನ್ನೆಲ್ಲ ಅವನು ಬಲ್ಲವನಾಗಿದ್ದ. ಒಂದು ಬೆಳಿಗ್ಗೆ ಕುಂಬಾರನೊಬ್ಬ ಓಡಿ ಬಂದು ಅವನನ್ನು ಕರೆದೊಯ್ದ. ಕೆರೆಯಿಂದ ಮಣ್ಣು ಹೊರುತ್ತಿದ್ದ ಅವನ ಕತ್ತೆಯ ಮುಂಗಾಲನ್ನು ಗಾಜಿನ ಚೂರು ಸೀಳಿತ್ತು. ರಕ್ತ ಚಿಮ್ಮುತ್ತಿತ್ತು. ವೈದ್ಯ ಗಾಯದ ಮೇಲ್ಗಡೆ ಬಟ್ಟೆ ಬಿಗಿದು ಕಟ್ಟಿದ. ರಕ್ತ ನಿಂತಿತು.

"ಸೂಜಿ, ದಾರ ತರುತ್ತೇನೆ. ನಾನು ಬರುವವರೆಗೆ ಕಟ್ಟು ಮುಟ್ಟಬೇಡ" ಎಂದು ಹೇಳಿ ಹೊರಟ.

ದಾರಿಯಲ್ಲಿ ಗೌಡರು ಕರೆದರು. ಅವರ ಚಾವಡಿಯಲ್ಲಿ ಪರವೂರಿನ ಪಂಡಿತರು ಕೂತಿದ್ದರು. ಜೀವಿಗಳಲ್ಲಿ ರಕ್ತ ಹರಿಯುವ ಬಗೆ ಹೇಗೆಂದು ಅವರು ಕೇಳಿದರು, ವೈದ್ಯ ಹೇಳತೊಡಗಿದ. ಮಿಡತೆಯ ರಕ್ತ ನಾಳಗಳಲ್ಲಿ ಸುತ್ತುವುದಿಲ್ಲ, ಒಡಲೊಳಗೆಲ್ಲ ತುಂಬಿಕೊಂಡು ಆಹಾರದ ಸಾರ ಮುಟ್ಟಿಸುತ್ತದೆ ಎಂದ. ಮೀನಿನ ಹೃದಯ ರಕ್ತವನ್ನು ಕಿವಿರಿಗೆ ಕಳಿಸುತ್ತದೆ, ಅಲ್ಲಿಂದ ಅದು ಹಾಗೆಯೇ ಮೈಗೆಲ್ಲ ಹೋಗುತ್ತದೆ ಎಂದ. ಹಸುವಿನಲ್ಲಾದರೆ ಶ್ವಾಸಕೋಶಕ್ಕೆ ಹೋಗಿ, ಹೃದಯಕ್ಕೆ ಮರಳಿ, ಆಮೇಲೆ ಗೊರಸಿನ ತುದಿಯವರೆಗೂ ಉಸಿರನ್ನೂ ಸಾರವನ್ನೂ ಒಯ್ಯುತ್ತದೆ ಎಂದ. ಪಂಡಿತರು ತಲೆದೂಗಿದರು. ಊಟವಾಯಿತು. ಮತ್ತೆ ಮಾತಾಯಿತು. ಕತ್ತೆಯ ನೆನಪು ಎರಡು ಸಲ ಬಂತು. ಎರಡು ಸಲವೂ ಅವನು ಏಳಲಿಲ್ಲ.

ಸಂಜೆ ಹೋಗಿ ನೋಡಿದರೆ, ದಿನವಿಡೀ ರಕ್ತ ಇಳಿಯದೆ ಕಟ್ಟಿನ ಕೆಳಗೆ ಕಾಲು ತಣ್ಣಗಾಗಿತ್ತು. ಕುಂಬಾರ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಒಂದು ಹನಿಯೂ ಸೋರಲಿಲ್ಲ ಸ್ವಾಮಿ" ಎಂದ.

ಮೂರನೆಯ ದಿನ ಕತ್ತೆ ಸತ್ತಿತು. ಗಾಯ ದೊಡ್ಡದಿತ್ತು ಎಂದು ಊರವರು ಮಾತಾಡಿಕೊಂಡರು. ವೈದ್ಯ ಅದನ್ನು ತಿದ್ದಲಿಲ್ಲ. ಕುಂಬಾರ ಮಣ್ಣನ್ನು ತಲೆಯ ಮೇಲೆ ಹೊರತೊಡಗಿದ. ವೈದ್ಯ ಎದುರಾದಾಗಲೆಲ್ಲ ಬುಟ್ಟಿ ಇಳಿಸಿ ಕೈಮುಗಿಯುತ್ತಿದ್ದ. ವೈದ್ಯ ಕೆರೆಯ ದಾರಿಯನ್ನೇ ಬಿಟ್ಟ. ತಿಂಗಳು ಕಳೆದ ಮೇಲೆ ಕುಂಬಾರನ ಮನೆಗೆ ಹೋಗಿ, ನೆಲ ನೋಡುತ್ತಾ ಹೇಳಿದ:

"ಅದು ಸತ್ತಿದ್ದು ಗಾಯದಿಂದಲ್ಲ. ನಾನು ಹೊತ್ತಿಗೆ ಬರಲಿಲ್ಲ."

ಕುಂಬಾರ ತಿರುಗುತ್ತಿದ್ದ ತಿಗರಿ ಚಕ್ರ ನಿಲ್ಲಿಸಿದ.

"ಗೊತ್ತು ಸ್ವಾಮಿ. ಕಾಲು ತಣ್ಣಗಾಗುತ್ತಾ ಬಂದದ್ದು ನನ್ನ ಕೈಗೇ ತಿಳಿಯುತ್ತಿತ್ತು. ಆದರೆ ಮುಟ್ಟಬೇಡ ಅಂದವರು ನೀವು."



ಇಷ್ಟು ಹೇಳಿ ಗುರು ಬಾಗಿಲ ಕಡೆ ನೋಡಿದರು.

"ಕಾಯಿಲೆಯ ಆಡು ಹಿಡಿದುಕೊಂಡು ಬೆಳಗಿನಿಂದ ಹೊರಗೆ ಕೂತಿರುವ ಮುದುಕಿಗೆ ನೀನು ಏನೆಂದು ಹೇಳಿ ಬಂದೆ?"